ಮೂರು ಸಲ ತೊಳೆದಿದೆ

ಪರದೆಯ ಮೂಲೆಯಲ್ಲಿ ತೊಂಬತ್ತಾರು ಡಿಗ್ರಿ ಎಂಬ ಅಂಕಿ ಕೆಂಪಾಗಿ ಮಿನುಗುತ್ತಿದ್ದಾಗ ಅವನು ಕಂಪ್ಯೂಟರ್ ಪೆಟ್ಟಿಗೆಯ ಒಂದು ಪಕ್ಕದ ಗಾಜಿನ ಹಲಗೆಯನ್ನು ತೆಗೆದಿಟ್ಟು, ಒಳಗೆ ಕೈಹಾಕಿ, ರೇಡಿಯೇಟರಿನ ಮೇಲೆ ಅಂಗೈ ಊರಿದ. ಅದು ತಣ್ಣಗಿತ್ತು. ಬೆಳಗಿನ ಹೊತ್ತು ಯಾರೂ ಇನ್ನೂ ಬಂದು ಕೂರದ ಕಲ್ಲುಬೆಂಚಿನ ಹಾಗೆ ತಣ್ಣಗಿತ್ತು. ಒಂದು ಗೇಣು ಆಚೆ ಪ್ರೊಸೆಸರು ಸುಡುತ್ತಿದೆ. ಆ ಕಾವನ್ನು ಹೊತ್ತು ತಂದು ಇಲ್ಲಿ ಇಳಿಸಬೇಕಾಗಿದ್ದ ನೀರು ಬಂದೇ ಇಲ್ಲ. ಅವನು ಅಂಗೈಯನ್ನು ಅಲ್ಲೇ ಇಟ್ಟುಕೊಂಡ. ನೀರು ದಾರಿಯಲ್ಲಿ ಕಟ್ಟಿಕೊಂಡಿದೆ. ಎಲ್ಲಿ ಕಟ್ಟಿಕೊಂಡಿದೆ, ಯಾಕೆ ಕಟ್ಟಿಕೊಂಡಿದೆ ಎಂದು ತಿಳಿಯಲು ಅವನು ಇನ್ನು ಒಂದೇ ಒಂದು ಸ್ಕ್ರೂವನ್ನೂ ಬಿಚ್ಚಬೇಕಾಗಿರಲಿಲ್ಲ. ಹಿಂದಿನಿಂದ ಭಾವ, ಏನಂತೆ, ಎಂದು ಕೇಳಿದರು. ಅವರು ಬೆತ್ತದ ಕುರ್ಚಿಯಲ್ಲಿ, ಎರಡೂ ಕೈಗಳನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು, ಡಾಕ್ಟರ ಕೋಣೆಯಲ್ಲಿ ರೋಗಿಯ ಕಡೆಯವರು ಕೂತ ಹಾಗೆ ಕೂತಿದ್ದರು. ನೋಡ್ತಾ ಇದ್ದೀನಿ ಭಾವ, ಎಂದ ಅವನು. ಅಂಗೈಯನ್ನು ತೆಗೆಯಲು ಮನಸ್ಸಾಗಲಿಲ್ಲ. ತೆಗೆದರೆ ತಿರುಗಿ ಮುಖ ಕೊಟ್ಟು ಮಾತಾಡಬೇಕಾಗುತ್ತದೆ.

ಭಾವ ಎಂದರೆ ಅಕ್ಕನ ಗಂಡ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಪರೀಕ್ಷೆಯಲ್ಲಿ ಎರಡನೆಯ ಸಲ ಡುಮ್ಕಿ ಹೊಡೆದು ಮುಖ ಮರೆಸಿಕೊಂಡು ಬಂದವನನ್ನು ಒಂದು ಮಾತೂ ಕೇಳದೆ ಮನೆಯಲ್ಲಿ ಇಟ್ಟುಕೊಂಡು ಕೆಲಸ ಕಲಿಸಿದವರು. ಈಗ ಅವನಿಗೆ ನಲವತ್ತೊಂಬತ್ತು. ಪೇಟೆಯಲ್ಲಿ ಸ್ವಂತ ರಿಪೇರಿ ಅಂಗಡಿ ಇದೆ, ಮೂವರು ಕೆಲಸದವರಿದ್ದಾರೆ, ಅಂಗಡಿಗೆ ಗಾಜಿನ ಬಾಗಿಲಿದೆ. ಭಾವ ತಮ್ಮ ಅಂಗಡಿಯನ್ನು ಮುಚ್ಚಿ ಏಳು ವರ್ಷವಾಯಿತು. ಅಂದಿನಿಂದ ಅವರು ಒಂದು ತಾಂತ್ರಿಕ ತರಬೇತಿ ಶಾಲೆಗೆ ಯಂತ್ರಗಳ ಒಳಗನ್ನು ತೋರಿಸುವ ಚಲಿಸುವ ಚಿತ್ರಗಳನ್ನು ಈ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಿದ್ದರು. ಗೇರುಗಳು ಒಂದನ್ನೊಂದು ಹೇಗೆ ಹಿಡಿಯುತ್ತವೆ, ಪಂಪು ಹೇಗೆ ಉಸಿರೆಳೆದು ಬಿಡುತ್ತದೆ, ಇಂಥವು. ಮೂರು ತಿಂಗಳಿಂದ ಒಂದು ಚಿತ್ರವೂ ಮುಗಿದಿರಲಿಲ್ಲ. ಅರ್ಧ ಆಗುವಷ್ಟರಲ್ಲಿ ಯಂತ್ರ ಕಾದು ತಾನಾಗಿ ಆರಿಹೋಗುತ್ತಿತ್ತು. ಮೊನ್ನೆ ಅಕ್ಕ ಫೋನು ಮಾಡಿ, ದನಿ ತಗ್ಗಿಸಿಕೊಂಡು, ಇವರು ಇನ್ನು ಮೇಲೆ ಸ್ಕ್ರೂಡ್ರೈವರ್ ಮುಟ್ಟೋದಿಲ್ಲ ಅಂತಿದ್ದಾರೆ, ಭಾನುವಾರ ನೀನು ಬಂದು ಈ ಒಂದನ್ನ ಸರಿಮಾಡಿಕೊಟ್ಟು ಟೂಲ್‌ಬಾಕ್ಸ್ ತಗೊಂಡು ಹೋಗ್ಬೇಕಂತೆ, ಎಂದಿದ್ದಳು. ತಗೊಂಡು ಹೋಗೋದು ಎಂದರೆ ಏನಕ್ಕಾ ಎಂದು ಕೇಳಿದ್ದಕ್ಕೆ, ತಗೊಂಡು ಹೋಗೋದು ಎಂದರೆ ತಗೊಂಡು ಹೋಗೋದು, ಎಂದು ಫೋನಿಟ್ಟಿದ್ದಳು. ಈ ಬೆಳಿಗ್ಗೆ ಅವನು ಬಂದಾಗ ಟೂಲ್‌ಬಾಕ್ಸ್ ಬಾಗಿಲ ಬಳಿಯೇ ಇತ್ತು. ಒರೆಸಿ, ಎಣ್ಣೆ ಸವರಿ, ದಾರದಿಂದ ಕಟ್ಟಿ ಇಟ್ಟಿದ್ದರು. ಅದನ್ನು ದಾಟಿಕೊಂಡೇ ಒಳಗೆ ಬರಬೇಕಾಗಿತ್ತು. ಭಾವ ಎದ್ದು ನಿಂತು, "ಬನ್ನಿ ಸಾಹೇಬರೇ" ಎಂದಿದ್ದರು. ಅಂಗಡಿಗೆ ಗಾಜಿನ ಬಾಗಿಲು ಬಂದ ದಿನದಿಂದ ಅವನು ಅವರಿಗೆ ಸಾಹೇಬರು. ಇಂದು ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಅದೇ ಅವನಿಗೆ ಚುಚ್ಚಿತ್ತು.

ಈ ಯಂತ್ರವನ್ನು ಅವರಿಬ್ಬರೂ ಸೇರಿ ಕಟ್ಟಿದ್ದು ಏಳು ವರ್ಷದ ಹಿಂದೆ, ಇದೇ ಕೋಣೆಯಲ್ಲಿ, ನೆಲದ ಮೇಲೆ ಹಳೆಯ ಹೊದಿಕೆ ಹಾಸಿಕೊಂಡು, ನಾಲ್ಕು ಭಾನುವಾರ. ಫ್ಯಾನಿನಿಂದಲೇ ತಣಿಸಬಹುದಿತ್ತು, ಆದರೆ ಭಾವನಿಗೆ ನೀರಿನ ಮೇಲೆ ನಂಬಿಕೆ. ಗಾಳಿಗೆ ನೆನಪಿಲ್ಲ ಕಣೋ, ಬಂದ ಹಾಗೇ ಹೋಗುತ್ತೆ, ನೀರು ಹೊತ್ತದ್ದನ್ನ ಸೇರಬೇಕಾದ ಕಡೆಗೇ ತಲುಪಿಸುತ್ತೆ ಎಂದು, ಪಾರದರ್ಶಕ ಕೊಳವೆಗಳನ್ನು ಬಿಸಿಮಾಡಿ ಬಗ್ಗಿಸುತ್ತ ಹೇಳುತ್ತಿದ್ದರು. ಆಗ ಕಿಟಕಿಯಿಂದ ಬೀಳುತ್ತಿದ್ದ ಬಿಸಿಲು ಈಗಲೂ ಅದೇ ಜಾಗದಲ್ಲಿ ಬೀಳುತ್ತಿದೆ. ಕಾವು ಹೊರುವ ಹಸಿರು ದ್ರವ, ಕೂಲೆಂಟು, ಮೊದಲ ಸಲ ಕೊಳವೆಯೊಳಗೆ ಏರಿದಾಗ ಇಬ್ಬರೂ ಮಾತು ನಿಲ್ಲಿಸಿದ್ದರು. ತುಂಬಿಸಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಬಿಡಿಸಬೇಕು; ಅದಕ್ಕೆ ಇಡೀ ಕಂಪ್ಯೂಟರ್ ಪೆಟ್ಟಿಗೆಯನ್ನು ಇಬ್ಬರು ಎತ್ತಿ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಬೇಕು. ಹಾಗೆ ವಾಲಿಸುತ್ತಿದ್ದಾಗ ಅಕ್ಕ ಬಾಗಿಲಲ್ಲಿ ನಿಂತು, ಹಾಲು ಕುಡಿಸಿ ತೇಗು ಬರಿಸ್ತಾ ಇದ್ದೀರಾ ಎಂದು ಕೇಳಿದ್ದೇ ತಡ ಭಾವನಿಗೆ ನಗು ಒತ್ತರಿಸಿ ಬಂದು, ಪೆಟ್ಟಿಗೆ ಅಲುಗಿ, ಒಳಗಿನಿಂದ ಗುಳುಕ್ ಎಂದು ನಿಜವಾಗಿಯೂ ಒಂದು ಗುಳ್ಳೆ ಮೇಲೆ ಬಂದಿತ್ತು. ಆಮೇಲೆ ಎಷ್ಟೋ ವರ್ಷ ಫೋನಿನಲ್ಲಿ ಅವರ ಮೊದಲ ಮಾತು ಅದೇ ಆಗಿತ್ತು. ಕೂಸು ಹೇಗಿದೆ ಎಂದು ಅವನು, ತೇಗ್ತಾ ಇದೆ ಎಂದು ಭಾವ. ಅವನು ಆ ನಾಲ್ಕು ಭಾನುವಾರಗಳನ್ನು ಯಾರಿಗೂ ಹೇಳದೆ ಒಳಗೆ ಇಟ್ಟುಕೊಂಡಿದ್ದ. ಹೆಂಡತಿಗೂ ಹೇಳಿರಲಿಲ್ಲ, ಹೇಳಲು ಅದರಲ್ಲಿ ಏನಿತ್ತು. ನೆಲದ ಮೇಲೆ ಕೂತು ಇಬ್ಬರು ಗಂಡಸರು ಒಂದು ಪೆಟ್ಟಿಗೆಯನ್ನು ತೂಗಿದ್ದರು, ಅಷ್ಟೇ.

"ಪಂಪು ತಿರುಗ್ತಿದೆ, ಫ್ಯಾನೂ ತಿರುಗ್ತಿವೆ, ಧೂಳೆಲ್ಲ ಊದಿದ್ದೀನಿ" ಎಂದು ಭಾವ ಕುರ್ಚಿಯಿಂದಲೇ ಒಂದೊಂದು ಬೆರಳು ಮಡಿಸುತ್ತ ಹೇಳಿದರು. "ನೀರಿನ ಕಡೆ ನೋಡೋದೇ ಬೇಡ, ಅದು ನೀನು ಮಾಡಿದ್ದು." ಇನ್ನು ಉಳಿದದ್ದು ಒಂದೇ, ಪ್ರೊಸೆಸರಿಗೂ ಅದರ ಮೇಲೆ ಕೂರುವ, ನೀರು ಹರಿಯುವ ತಾಮ್ರದ ಬ್ಲಾಕಿಗೂ ನಡುವೆ ಕಾವು ದಾಟಿಸಲು ಹಚ್ಚುವ ಪೇಸ್ಟು, ಅದು ನನ್ನ ಕೈಕೆಲಸ. ಮೂರು ಸಲ ತೆಗೆದು ಹಚ್ಚಿದೆ ಎಂದರು. ಮೊದಲ ಸಲ ಹೆಚ್ಚಾಯಿತೇನೋ ಅನ್ನಿಸಿತು. ಎರಡನೆಯ ಸಲ ಬ್ಲಾಕು ಕೂರಿಸುವಾಗ ಕೈ ನಡುಗಿತು ಅನ್ನಿಸಿತು. ಮೂರನೆಯ ಸಲ ಭೂತಗನ್ನಡಿ ಕಟ್ಟಿಕೊಂಡು, ಉಸಿರು ಹಿಡಿದು, ನಿಮ್ಮಕ್ಕನ ಕೈಯಲ್ಲಿ ದೀಪ ಹಿಡಿಸಿ ಮಾಡಿದೆ. ಆಗಲೂ ಇಷ್ಟೇ. ತರಬೇತಿ ಶಾಲೆಯ ಮುಖ್ಯಸ್ಥನಿದ್ದಾನಲ್ಲ, ಒಳ್ಳೆಯ ಹುಡುಗ, ಮನೆಗೇ ಬಂದಿದ್ದ. ಸರ್, ನೀವು ವಿಶ್ರಾಂತಿ ತಗೊಳ್ಳಿ ಅಂದ. ಭಾವ ಆ ಪದವನ್ನು ಇನ್ನೊಮ್ಮೆ, ಅಪರಿಚಿತ ಹಣ್ಣೊಂದರ ರುಚಿ ನೋಡುವವರ ಹಾಗೆ, ವಿಶ್ರಾಂತಿ, ಎಂದರು. ಆಮೇಲೆ, ಇನ್ನೊಬ್ಬರ ಸುದ್ದಿ ಹೇಳುವಷ್ಟು ಸಲೀಸಾಗಿ, "ಕೈಗುಣ ಹೋಯ್ತು ಕಣೋ. ಒಂದಿನ ಹೋಗ್ಲೇಬೇಕಿತ್ತು" ಎಂದರು. ಅವನು ಬಗ್ಗಿಕೊಂಡೇ ಇದ್ದ. ಕೊಳವೆಯೊಳಗಿನ ಹಸಿರು ಮೊದಲಿನ ಹಸಿರಾಗಿರಲಿಲ್ಲ. ನೋಡದವರಿಗೆ ಹಸಿರೇ, ನೋಡಿದವರಿಗೆ ಮಸುಕು. ಭಾವನ ಕಣ್ಣಿಗೂ ಅದು ಕಂಡಿರಬೇಕು. ಕಂಡರೂ ಅನುಮಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಮೇಜಿನ ಮೇಲೆ, ಕೈಗೆಟುಕುವಷ್ಟರಲ್ಲಿ, ಈ ಯಂತ್ರಕ್ಕೆ ಮಾಡಿದ್ದನ್ನೆಲ್ಲ ಭಾವ ಬರೆದಿಡುವ ನೋಟುಬುಕ್ಕು ತೆರೆದಿತ್ತು.

ಐದು ತಿಂಗಳ ಹಿಂದೆ ಭಾವನ ಕಣ್ಣಿನ ಆಪರೇಷನ್ ಆಗಿತ್ತು. ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು. ವರ್ಷಕ್ಕೊಮ್ಮೆ ನೀರು ಬದಲಾಯಿಸುವ ಹೊತ್ತು ಸರಿಯಾಗಿ ಆಗಲೇ ಬಂದಿತ್ತು. ಅದಕ್ಕೆಂದು ಅವನು ಬಂದ ದಿನ ಅಕ್ಕ ಭಾವನನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದಳು. ಕೀಲಿ ಪಕ್ಕದ ಮನೆಯಲ್ಲಿತ್ತು, ಅಡುಗೆಮನೆಯಲ್ಲಿ ಅವನ ಪಾಲಿನ ಊಟ ಮುಚ್ಚಿಟ್ಟಿತ್ತು, ಕಂಪ್ಯೂಟರಿನ ಮೇಲೆ ಭಾವ ಹೇಳಿ ಬರೆಸಿದ ಒಂದು ಹಾಳೆ ಅಂಟಿಸಿತ್ತು. ಹದಿನಾಲ್ಕು ಸಾಲುಗಳು. ಮೊದಲನೆಯದು: ಕೈ ತೊಳೆ. ಅದನ್ನು ಓದಿದ್ದೇ ಅವನ ಕಿವಿ ಬಿಸಿಯಾಯಿತು. ಅಂಗಡಿಯಲ್ಲಿ ಅವನೇ ಮೂವರಿಗೆ ಹೇಳುವವನು. ದಿನಕ್ಕೆ ಇಂಥವು ಎರಡು ಬಿಚ್ಚುತ್ತಾನೆ. ಇಲ್ಲಿ ಬಂದರೆ ಕೈ ತೊಳೆಯಲು ಹೇಳಿಸಿಕೊಳ್ಳಬೇಕು. ತೊಳೆಯಲಿಲ್ಲ. ಕೆಳಗಿನ ತಿರುಪು ಬಿಚ್ಚಿದಾಗ ಅರ್ಧ ನೀರು ಬಂತು. ಉಳಿದದ್ದು ಬರಬೇಕಾದರೆ ಪೆಟ್ಟಿಗೆಯನ್ನು ಎತ್ತಿ ವಾಲಿಸಬೇಕು, ಅದು ಇಬ್ಬರ ಕೆಲಸ, ಅವನೊಬ್ಬನೇ ಇದ್ದ. ಕಾಯಬಹುದಿತ್ತು. ಅಂಗಡಿಯಿಂದ ಫೋನು ಬರುತ್ತಲೇ ಇತ್ತು. ಅವನು ತಾನು ತಂದಿದ್ದ, ಬೇರೆ ಕಂಪನಿಯ, ಅದೇ ಬಣ್ಣದ ಕೂಲೆಂಟನ್ನು ಮೇಲಿನಿಂದ ಸುರಿದು ಮುಚ್ಚಳ ತಿರುಗಿಸಿದ. ಒಂಬತ್ತನೆಯ ಸಾಲು ಓದಿದ್ದ. ಹಳೆಯದು ಒಂದು ತೊಟ್ಟೂ ಉಳಿಯಕೂಡದು, ಎರಡು ಬಗೆಯವು ಬೆರೆತರೆ ಒಡೆದು ಗಟ್ಟಿಯಾಗುತ್ತವೆ ಎಂದಿತ್ತು. ಓದಿ, ಭಾವ ಎಲ್ಲವನ್ನೂ ದೊಡ್ಡದು ಮಾಡುತ್ತಾರೆ ಎಂದುಕೊಂಡ. ಆಮೇಲೆ ಊಟ ಮಾಡಿದ. ಅನ್ನ ಇನ್ನೂ ಬೆಚ್ಚಗಿತ್ತು. ಕೈ ತೊಳೆದದ್ದು ಆಗ.

ಅವರು ಆಟೋ ಇಳಿದು ಬಂದಾಗ ಭಾವ ಕಪ್ಪು ಕನ್ನಡಕದಲ್ಲಿದ್ದರು, ಗೋಡೆ ಸವರಿಕೊಂಡು ಕೋಣೆಗೆ ಬಂದು, ಕೊಳವೆಗಳ ಒಳಗನ್ನ ಎಷ್ಟು ಸಲ ತೊಳೆದೆ, ಎಂದು ಕೇಳಿದರು. ಹಾಳೆಯಲ್ಲಿ ಎರಡು ಸಲ ಎಂದಿತ್ತು. ಅವನು, ಮೂರು ಸಲ, ಎಂದ. ಸುಳ್ಳು ಹೇಳುವವನು ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಅಳೆದು ಕೊಡುತ್ತಾನೆ. ಭಾವನ ಮುಖ ಅರಳಿದ್ದನ್ನು ಅವನು ನೋಡಿದ. ನಾನಾಗಿದ್ರೆ ಎರಡಕ್ಕೇ ಬಿಡ್ತಿದ್ದೆ, ಎಂದರು. ನೋಟುಬುಕ್ಕು ತರಿಸಿಕೊಂಡು, ಕಾಣದಿದ್ದರೂ ಅಂದಾಜಿನ ಮೇಲೆ, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಅಕ್ಷರದಲ್ಲಿ ಬರೆದರು. ಮೂರು ಸಲ ತೊಳೆದಿದೆ. ಕೆಳಗೊಂದು ಗೆರೆ ಎಳೆದರು. ಆ ಗೆರೆ ಸೊಟ್ಟಗಾಗಿ ಅಕ್ಷರದ ಮೇಲೇ ಹೋಗಿತ್ತು. ಇವತ್ತು ನೋಟುಬುಕ್ಕು ತೆರೆದಿದ್ದದ್ದು ಆ ಪುಟಕ್ಕೇ.

ಯಂತ್ರ ಆರಿಸಿ, ಇದ್ದಷ್ಟು ನೀರನ್ನು ಬಟ್ಟಲಿಗೆ ಇಳಿಸಿ, ಕೊಳವೆಗಳನ್ನು ಬಿಡಿಸಿ ಅವನು ಬ್ಲಾಕನ್ನು ಎತ್ತಿದ. ಎತ್ತಿ, ಅಡಿಯನ್ನು ಬೆಳಕಿಗೆ ಹಿಡಿದವನು ಹಾಗೇ ನಿಂತ. ಪೇಸ್ಟು ಒಂದೇ ಸಮನಾಗಿ, ಮೂಲೆಯಿಂದ ಮೂಲೆಗೆ, ಎಲ್ಲೂ ಗಂಟಿಲ್ಲದೆ, ಎಲ್ಲೂ ಬರಿದಿಲ್ಲದೆ ಹರಡಿತ್ತು. ಅಂಚಿನಲ್ಲಿ ಕೂದಲೆಳೆಯಷ್ಟು ಹೊರಗೆ ಬಂದು ನಿಂತಿತ್ತು. ತನ್ನ ಅಂಗಡಿಯಲ್ಲಿ ಇಷ್ಟು ಚೊಕ್ಕವಾದ ಕೆಲಸವನ್ನು ಅವನು ಕಂಡು ವರ್ಷಗಳಾಗಿದ್ದವು. ತಾನು ಮಾಡಿ ವರ್ಷಗಳಾಗಿದ್ದವು. ಇಪ್ಪತ್ತೇಳು ವರ್ಷದ ಹಿಂದೆ ಭಾವನ ಚಿಕ್ಕ ಅಂಗಡಿಯಲ್ಲಿ, ಬೆಸುಗೆಯ ಹೊಗೆಯ ನಡುವೆ, ಅವರು ಅವನ ಕೈಮೇಲೆ ಕೈಯಿಟ್ಟು ತೋರಿಸಿದ್ದು ಇದನ್ನೇ: ಒತ್ತಬೇಡ, ಕೂರಿಸು. ಅವನಿಗೆ ಜ್ವರ ಬಂದಿದ್ದ ವಾರ ಅಕ್ಕನಿಗಿಂತ ಹೆಚ್ಚು ಸಲ ಹಣೆ ಮುಟ್ಟಿ ನೋಡಿದ್ದೂ ಆ ಕೈಯೇ. ಥರ್ಮಾಮೀಟರ್ ಇಡುವ ಮೊದಲೇ ಡಿಗ್ರಿ ಹೇಳುತ್ತಿದ್ದರು, ಅರ್ಧ ಡಿಗ್ರಿಯೂ ತಪ್ಪುತ್ತಿರಲಿಲ್ಲ. ಅಕ್ಕ ಚಹಾ ತಂದು ಇಬ್ಬರ ನಡುವೆ ಇಟ್ಟು, ಏನು, ಕೂಸಿಗೆ ಆಪರೇಷನ್ನಾ, ಎಂದಳು. ಯಾರೂ ನಗಲಿಲ್ಲವಾದ್ದರಿಂದ ಒಳಗೆ ಹೋದಳು. ಪೇಸ್ಟು ಹೇಗಿದೆ ಎಂದು ಭಾವ ಕೇಳಿದರು. ಅವನು ಉತ್ತರ ಹೇಳುವ ಬದಲು, ಹೊಸದಾಗಿ ತುಂಬಿಸೋಕೆ ಡಿಸ್ಟಿಲ್ಡ್ ವಾಟರ್ ಇದೆಯಾ, ಎಂದು ಕೇಳಿದ. ಹಿತ್ತಲ ಕಡೆಯ ಕೋಣೆಯಲ್ಲಿದೆ, ತರ್ತೀನಿ ಎಂದು ಭಾವ ಎದ್ದು ಹೋದರು. ಕೇಳಿದ್ದು ನೀರಿಗಾಗಿ ಅಲ್ಲ, ಅವರು ಎದ್ದು ಹೋಗಲಿ ಎಂದು. ಅದು ಅವನಿಗೂ ಗೊತ್ತಿತ್ತು.

ಬ್ಲಾಕಿನ ಮುಚ್ಚಳಕ್ಕೆ ಎಂಟು ಸಣ್ಣ ತಿರುಪುಗಳು. ಅವನ್ನು ಬಿಚ್ಚಿ ಮುಚ್ಚಳ ತೆಗೆದಾಗ ಒಳಗೆ ತಾಮ್ರ ಕಾಣಲೇ ಇಲ್ಲ. ನೀರು ಹರಿಯಬೇಕಾದ, ಬಾಚಣಿಗೆಯದಕ್ಕಿಂತ ನವಿರಾದ ತಾಮ್ರದ ಹಲ್ಲುಗಳ ಸಂದುಗಳನ್ನೆಲ್ಲ ತುಂಬಿ, ಮೇಲಕ್ಕೂ ಉಬ್ಬಿ, ಹಸಿರು ಲೋಳೆಯೊಂದು ಅಂಟಾಗಿ ಕೂತಿತ್ತು. ಕೆರೆಯ ಮೂಲೆಯಲ್ಲಿ ನಿಂತ ಪಾಚಿಯ ಹಾಗೆ, ಆದರೆ ಪಾಚಿಗೆ ಜೀವವಾದರೂ ಇರುತ್ತದೆ. ಇದನ್ನು ತೊಳೆಯಲು ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿಸಿನೀರು ಮತ್ತು ಹತ್ತು ನಿಮಿಷ ಸಾಕು. ಬಚ್ಚಲು ಎರಡು ಹೆಜ್ಜೆ ಆಚೆ. ಭಾವ ಬರುವಷ್ಟರಲ್ಲಿ ತಾಮ್ರ ಹೊಳೆಯುತ್ತಿರುತ್ತದೆ, ಹೊಸ ಪೇಸ್ಟು, ಹೊಸ ನೀರು, ಅಂಕಿ ಅರವತ್ತಕ್ಕೆ ಇಳಿಯುತ್ತದೆ, ಭಾವ ಸಂತೋಷಪಡುತ್ತಾರೆ. ನನ್ನ ಕೈಲಿ ಮೂರು ಸಲ ಆಗದ್ದು ನಿನ್ನ ಕೈಲಿ ಒಂದೇ ಸಲಕ್ಕೆ ಆಯ್ತಲ್ಲೋ ಎಂದು ಮನಸಾರೆ ಹೊಗಳುತ್ತಾರೆ, ಟೂಲ್‌ಬಾಕ್ಸನ್ನು ತಾವೇ ಬೀದಿಯವರೆಗೆ ಹೊತ್ತು ತರುತ್ತಾರೆ. ಅಲ್ಲಿಗೆ ಒಬ್ಬ ಮನುಷ್ಯನ ಕೈಗಳು ಮುಗಿದುಹೋಗುತ್ತವೆ. ಅವನು ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮುನ್ನ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುವವನು. ಈ ಐದು ತಿಂಗಳಲ್ಲಿ ಒಂದು ಬೆಳಿಗ್ಗೆಯೂ ಆ ಸುಳ್ಳು ಅಲ್ಲಿ ಬಂದು ನಿಂತಿರಲಿಲ್ಲ. ದೇವರ ಮುಂದೆ ಇಡಲು ಇದು ತೀರ ಚಿಕ್ಕದಾಗಿ ಕಂಡಿತ್ತು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ದೇವರು ಮುದುಕನ ವೇಷ ತೊಟ್ಟು ಬಾಗಿಲಿಗೆ ಬರುತ್ತಿದ್ದ. ಬಂದವನು ಚಿನ್ನ ಕೇಳಲಿಲ್ಲ, ರಾಜ್ಯ ಕೇಳಲಿಲ್ಲ, ಒಂದಿಷ್ಟು ಶುದ್ಧವಾದ ನೀರು ಕೇಳಿದ, ಎನ್ನುತ್ತಿದ್ದಳು. ಕೊಡದವನ ಗತಿ ಏನಾಯಿತಜ್ಜಿ ಎಂದು ಕೇಳಿದರೆ, ಏನೂ ಆಗಲಿಲ್ಲ ಮಗಾ, ದೇವರು ಹೊರಟುಹೋದ, ಅಷ್ಟೇ, ಎಂದು ಮಗ್ಗುಲು ಬದಲಿಸುತ್ತಿದ್ದಳು. ಆ ಅಷ್ಟೇ ಎಂಬುದು ಅವನಿಗೆ ಆಗ ಸಪ್ಪೆ ಎನಿಸುತ್ತಿತ್ತು. ಅವನು ಬಚ್ಚಲಿಗೆ ಹೋದ, ನಲ್ಲಿ ತಿರುಗಿಸಿದ, ನೀರು ಬೆರಳ ಮೇಲೆ ಬಿತ್ತು. ಬ್ಲಾಕನ್ನು ಅದರಡಿ ಹಿಡಿಯಲಿಲ್ಲ. ನಲ್ಲಿ ನಿಲ್ಲಿಸಿ, ಮನೆಯೊಳಗಿಂದ ಹಿತ್ತಲ ಕಡೆ ಹೋಗುವ ಓಣಿಯಲ್ಲಿ, ಲೋಳೆ ತುಂಬಿದ ಬ್ಲಾಕನ್ನು ಬೊಗಸೆಯಲ್ಲಿಟ್ಟುಕೊಂಡು ನಿಂತ.

ಭಾವ ನೀರಿನ ಕ್ಯಾನನ್ನು ಎದೆಗವಚಿಕೊಂಡು ಬರುತ್ತಿದ್ದರು. ಇದನ್ನ ನೋಡಿ ಎಂದ. ಅವರು ಕ್ಯಾನು ಕೆಳಗಿಟ್ಟು, ಬ್ಲಾಕನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಒಯ್ದು, ಕನ್ನಡಕ ಹಣೆಗೇರಿಸಿ, ಉಗುರಿನಿಂದ ಲೋಳೆಯನ್ನು ಕೆರೆದು ಎರಡು ಬೆರಳ ನಡುವೆ ಉಜ್ಜಿದರು. ಬಹಳ ಹೊತ್ತು ಉಜ್ಜಿದರು. ಮೂರು ಸಲ ತೊಳೆದ ಮೇಲೂ ಇದು ಎಲ್ಲಿಂದ ಬಂತೋ ಎಂದು ತಮ್ಮನ್ನೇ ಕೇಳಿಕೊಂಡ ಹಾಗೆ ಕೇಳಿದರು. ಅವರ ದನಿಯಲ್ಲಿ ಅನುಮಾನ ಎಳ್ಳಷ್ಟೂ ಇರಲಿಲ್ಲ.

"ತೊಳೆದಿರಲಿಲ್ಲ ಭಾವ. ಒಂದು ಸಲಾನೂ ತೊಳೆದಿರಲಿಲ್ಲ. ಅರ್ಧ ತೆಗೆದು ಮೇಲಿಂದ ಬೇರೆ ಕಂಪನೀದು ಸುರಿದೆ. ನಿಮ್ಮ ಹತ್ರ ಸುಳ್ಳು ಹೇಳಿದೆ."

ಭಾವ ತಿರುಗಲಿಲ್ಲ. ಅವನಿಗೆ ನಿಲ್ಲಿಸಲಾಗಲಿಲ್ಲ, ಪೇಸ್ಟು ಚೊಕ್ಕವಾಗಿತ್ತು ಎಂದ, ಅಂಥದ್ದನ್ನ ನಾನು ನೋಡೇ ಇಲ್ಲ ಎಂದ, ಮೂರು ಸಲಾನೂ ಹಾಗೇ ಇದ್ದಿರಬೇಕು ಎಂದ. ಹೇಳುತ್ತ ಹೇಳುತ್ತ ತನ್ನ ಮಾತು ಗಿರಾಕಿಯನ್ನು ಸಮಾಧಾನಮಾಡುವ ಅಂಗಡಿಯವನ ಮಾತಿನ ಹಾಗೆ ಕೇಳಿಸಿ ನಾಚಿಕೆಯಾಯಿತು.

"ಪಟ್ಟಿ ಓದಿದ್ಯಾ?"

"ಓದಿದ್ದೆ."

"ಒಂಬತ್ತನೇದು?"

"ಅದನ್ನೂ ಓದಿದ್ದೆ."

ಭಾವ ಬ್ಲಾಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತಮ್ಮ ಎರಡು ಕೈಗಳನ್ನೂ ಮುಂದೆ ಚಾಚಿ ನೋಡಿದರು, ತಿರುವಿ ಹಿಂಬದಿಯನ್ನೂ ನೋಡಿದರು, ಯಾರಿಗೋ ಎರವಲು ಕೊಟ್ಟಿದ್ದು ಮನೆಗೆ ವಾಪಸು ಬಂದಾಗ ನೋಡುವ ಹಾಗೆ. ಅವರ ಕಿವಿಯ ತುದಿಗಳು ಕೆಂಪಾಗುತ್ತಿದ್ದವು. ಭಾವನಿಗೆ ಸಿಟ್ಟು ಬಂದದ್ದನ್ನು ಅವನು ಇಷ್ಟು ವರ್ಷಗಳಲ್ಲಿ ಎಣಿಸಿ ನಾಲ್ಕು ಸಲ ಕಂಡಿದ್ದ; ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಬಂದ ದಿನವೂ ಬಂದಿರಲಿಲ್ಲ. ಈಗ ಅದು ಬರುವುದನ್ನು ಅವನು ಹೆದರಿಕೆಯಿಂದಲೂ, ಹೆದರಿಕೆಯ ಅಡಿಯಲ್ಲಿ ಹೆಸರಿಲ್ಲದ ಒಂದು ನಿರಾಳದಿಂದಲೂ ನೋಡುತ್ತ ನಿಂತ.

"ಮೂರು ತಿಂಗಳು ನಾನು ಮುದುಕ ಆದೆ ಅಂತ ನಂಬ್ಕೊಂಡು ಕೂತಿದ್ನಲ್ಲೋ" ಎಂದರು ಭಾವ. ದನಿ ಏರಿರಲಿಲ್ಲ. ತೊಳಿಯೋಕೆ ಬೇಸರ ಆಯ್ತು ಅಂತ ಹೇಳಿದ್ದಿದ್ರೆ, ಹೋಗಲಿ ಬಿಡು, ಮುಂದಿನ ವಾರ ಮಾಡೋಣ ಅಂತಿರಲಿಲ್ವಾ, ಎಂದರು. ಹೌದು, ಹಾಗೇ ಅನ್ನುತ್ತಿದ್ದರು. ಅವನಿಗೆ ಗೊತ್ತಿತ್ತು. ಆಮೇಲೆ ಅವರು ಬಾಗಿಲ ಬಳಿ ಹೋಗಿ, ಕೂತು, ಟೂಲ್‌ಬಾಕ್ಸಿಗೆ ಕಟ್ಟಿದ್ದ ದಾರವನ್ನು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಅವನು ಹತ್ತಿರ ಹೋಗಿ ಬಗ್ಗಿದ್ದಕ್ಕೆ, "ನೀನು ಮುಟ್ಟಬೇಡ. ಹೊರಗೆ ಹೋಗಿ ಕೂತ್ಕೋ" ಎಂದರು. ಇಪ್ಪತ್ತೇಳು ವರ್ಷದಲ್ಲಿ ಅವರು ಯಾವ ಕೆಲಸದಿಂದಲೂ ಅವನನ್ನು ಹೊರಗೆ ಕಳಿಸಿರಲಿಲ್ಲ.

ಮೆಟ್ಟಿಲ ಮೇಲೆ ಬಿಸಿಲಿತ್ತು. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಓಣಿಯ ಮಾತೆಲ್ಲ ಅಡುಗೆಮನೆಗೆ ಕೇಳಿಸಿತ್ತು, ಅವಳಿಗೆ ಮತ್ತೆ ಹೇಳಬೇಕಾಗಿರಲಿಲ್ಲ. ಅವಳು ಬೈಯಲಿಲ್ಲ. ಎದುರಿನ ಬೀದಿಯಲ್ಲಿ ಒಬ್ಬ ಹೆಂಗಸು ಸೈಕಲ್ಲಿಗೆ ಗಾಳಿ ತುಂಬುತ್ತಿದ್ದುದನ್ನು ನೋಡುತ್ತ, "ಈಚೀಚೆಗೆ ಲೋಟ ಎತ್ತೋಕೂ ಎರಡು ಕೈ ಹಾಕ್ತಾ ಇದ್ರು. ಎಲ್ಲಿ ಚೆಲ್ಲಿಬಿಡ್ತೀನೋ ಅಂತ" ಎಂದಳು. ಅವನು ತನ್ನ ಕಾಲಬೆರಳುಗಳನ್ನು ನೋಡಿದ. ಏನು ಹೇಳಿದರೂ ಅದು ಇನ್ನೊಂದು ಹಿಡಿ ಹೆಚ್ಚು ಅಳೆದ ಹಾಗೆ ಆಗುತ್ತಿತ್ತು. ಒಳಗೆ ಬಚ್ಚಲಿನಲ್ಲಿ ನೀರು ಬೀಳುವ ಸದ್ದು, ಬ್ರಷ್ಷು ತಾಮ್ರಕ್ಕೆ ತಾಗುವ ಸದ್ದು, ನಿಂತು ಮತ್ತೆ ತಾಗುವ ಸದ್ದು. ಬಹಳ ಹೊತ್ತಾಯಿತು. ಅಂಗಡಿಯಲ್ಲಾದರೆ ಅವನು ಇಷ್ಟರಲ್ಲಿ ಎರಡು ಮುಗಿಸುತ್ತಿದ್ದ. ಬಿಸಿಲು ಒಂದು ಮೆಟ್ಟಿಲು ಇಳಿಯಿತು. ಆಮೇಲೆ ಕುರ್ಚಿ ಎಳೆದ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ನೆಲದ ಮೇಲೆ ಸಣ್ಣದೊಂದು ತಿರುಪು ಬಿದ್ದು, ಪುಟಿದು, ಉರುಳಿಕೊಂಡು ಹೋಗಿ ಎಲ್ಲೋ ನಿಂತ ಸದ್ದು.

ಅಕ್ಕ ಏಳಲು ಹೋದವಳು ಅವನ ಮುಖ ನೋಡಿದಳು. ಅವನೂ ಅವಳನ್ನು ನೋಡಿದ. ಅವಳು ಮತ್ತೆ ಕೂತಳು. ಒಳಗೆ ಮಂಡಿಯೂರಿದ ಸದ್ದಾಯಿತು, ಮೇಜಿನಡಿ ಅಂಗೈ ನೆಲ ಸವರುವ ಸದ್ದಾಯಿತು, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಗೋಡೆಯ ಅಂಚಿನ ಉದ್ದಕ್ಕೂ, ನಿಧಾನವಾಗಿ, ಆತುರವೇ ಇಲ್ಲದೆ. ಯಾರೂ ಒಳಗೆ ಹೋಗಲಿಲ್ಲ. ಅಂಗೈಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಸ್ಕ್ರೂಡ್ರೈವರ್ ತಿರುಗತೊಡಗಿತು.